ಪೇಜ್ ಬೆಕರ್ಸ್‌ಳ ಕೊನೆಯ ಸೀಸನ್: ಅಭಿಮಾನಿಗಳ ಆಸೆ, ಒಂದು ಮೊಣಕಾಲು ಮತ್ತು ನಮ್ಮ ಮನೆಯ ಹೆಣ್ಣುಮಕ್ಕಳು

ನವೆಂಬರ್ ಬಂತೆಂದರೆ ನಮಗೆಲ್ಲ ರಾಜ್ಯೋತ್ಸವದ ಗಡಿಬಿಡಿ. ಹಾಲ್ ಬುಕ್ ಮಾಡಬೇಕು, ಮಕ್ಕಳ ನಾಟಕದ ರಿಹರ್ಸಲ್ ಆಗಬೇಕು, ಪುಳಿಯೋಗರೆ ಎಷ್ಟು ಟ್ರೇ ಸಾಕಾದೀತು ಎಂದು ಲೆಕ್ಕ ಹಾಕಬೇಕು. ಇದೇ ಹೊತ್ತಿಗೆ ಅಮೆರಿಕದಲ್ಲಿ ಇನ್ನೊಂದು ಸಂಭ್ರಮವೂ ಶುರುವಾಗುತ್ತದೆ. ಅದು ಕಾಲೇಜು ಬಾಸ್ಕೆಟ್‌ಬಾಲ್. ನಮ್ಮಲ್ಲಿ ಬಹಳ ಜನ ಊರಿಂದ ಬರುವಾಗ ಕ್ರಿಕೆಟ್ ಒಂದನ್ನೇ ಹೊತ್ತು ತಂದವರು. ಆದರೆ ಇಲ್ಲಿ ಹುಟ್ಟಿ ಬೆಳೆದ ನಮ್ಮ ಹೆಣ್ಣುಮಕ್ಕಳು ಊಟದ ಮೇಜಿನಲ್ಲಿ ಆಡುವ ಹೆಸರುಗಳೇ ಬೇರೆ: ಕೇಟ್ಲಿನ್ ಕ್ಲಾರ್ಕ್, ಪೇಜ್ ಬೆಕರ್ಸ್, ಜೂಜೂ ವಾಟ್ಕಿನ್ಸ್. ಅವರು ಮಾತಾಡುತ್ತಿದ್ದರೆ ನಾವು ಸಾರು ಬಡಿಸುತ್ತಾ "ಹೌದಾ?" ಎಂದು ತಲೆಯಾಡಿಸುತ್ತೇವೆ.

ಆ ಮಾತು ನಮಗೂ ಅರ್ಥವಾಗಲಿ ಎಂದು ಈ ಲೇಖನ. ಇದಕ್ಕೆ ನಾವು ಆರಿಸಿಕೊಂಡದ್ದು 2024ರ ಶರತ್ಕಾಲವನ್ನು. ಕನೆಕ್ಟಿಕಟ್ ವಿಶ್ವವಿದ್ಯಾಲಯದ, ಎಲ್ಲರ ಬಾಯಲ್ಲಿ 'ಯೂಕಾನ್', ಆಟಗಾರ್ತಿ ಪೇಜ್ ಬೆಕರ್ಸ್ ತನ್ನ ಕೊನೆಯ ಕಾಲೇಜು ಸೀಸನ್‌ಗೆ ಕಾಲಿಡುತ್ತಿದ್ದ ದಿನಗಳು ಅವು. ಅಭಿಮಾನಿಗಳು ಆಗ ಆಕೆಯ ಮೇಲೆ ಏನೇನು ಆಸೆ ಇಟ್ಟಿದ್ದರು, ಅದಕ್ಕೆ ಕಾರಣವೇನು, ಕೊನೆಗೆ ಏನಾಯಿತು ಎಂಬುದನ್ನು ತಿಳಿದುಕೊಂಡರೆ ಈ ಆಟದ ಒಳಗುಟ್ಟು ಅರ್ಧ ತಿಳಿದ ಹಾಗೆ. ಉಳಿದರ್ಧ ನಮ್ಮ ಮಕ್ಕಳಿಗೇ ಸಂಬಂಧಿಸಿದ್ದು. ಅದನ್ನೂ ಮುಂದೆ ಹೇಳುತ್ತೇವೆ.

ಸೀಸನ್ ಎಂದರೇನು?

ಕಾಲೇಜು ಬಾಸ್ಕೆಟ್‌ಬಾಲ್ ಸೀಸನ್ ನವೆಂಬರ್ ಮೊದಲಲ್ಲಿ ಶುರುವಾಗಿ ಏಪ್ರಿಲ್ ಮೊದಲ ವಾರದವರೆಗೆ ನಡೆಯುತ್ತದೆ. ಮೊದಲ ನಾಲ್ಕು ತಿಂಗಳು ಒಂದೊಂದು ತಂಡವೂ ಸುಮಾರು ಮೂವತ್ತು ಪಂದ್ಯ ಆಡುತ್ತದೆ. ಮಾರ್ಚ್‌ನಲ್ಲಿ ಎನ್‌ಸಿಎಎ ಟೂರ್ನಿಗೆ ತಂಡಗಳನ್ನು ಆರಿಸುತ್ತಾರೆ, 2025ರಲ್ಲಿ ಅವು 68. ಅಲ್ಲಿಂದ ಮುಂದೆ ಸೋತವರು ಗಂಟುಮೂಟೆ ಕಟ್ಟಿದ ಹಾಗೆ. ನಮ್ಮ ರಣಜಿ ಟ್ರೋಫಿಯ ನಾಕೌಟ್ ನೆನಪಿಸಿಕೊಳ್ಳಿ, ಆದರೆ ಇಲ್ಲಿ ಡ್ರಾ ಇಲ್ಲ, ಮೊದಲ ಇನಿಂಗ್ಸ್ ಮುನ್ನಡೆಯೂ ಇಲ್ಲ. ಹತ್ತು ನಿಮಿಷದ ನಾಲ್ಕು ಕ್ವಾರ್ಟರ್. ಒಂದು ಕೆಟ್ಟ ಸಂಜೆ ಐದು ತಿಂಗಳ ದುಡಿಮೆಯನ್ನು ಮುಗಿಸಿಬಿಡುತ್ತದೆ. ಕೊನೆಗೆ ಉಳಿಯುವ ನಾಲ್ಕು ತಂಡಗಳ ಹಂತವೇ 'ಫೈನಲ್ ಫೋರ್'.

ಇನ್ನೊಂದು ವಿಷಯ ಮುಖ್ಯ. ಕಾಲೇಜು ಆಟಗಾರ್ತಿಗೆ ಸಿಗುವುದು ಎಣಿಸಿಟ್ಟ ಸೀಸನ್‌ಗಳು. ಆ ಕಾಲದ ನಿಯಮದ ಪ್ರಕಾರ ಐದು ವರ್ಷದೊಳಗೆ ನಾಲ್ಕು ಸೀಸನ್, ಅಷ್ಟೆ. ಸಚಿನ್ ಇಪ್ಪತ್ತನಾಲ್ಕು ವರ್ಷ ಆಡಿದ ಹಾಗೆ ಇಲ್ಲಿ ಆಡಲಾಗದು. ಹಾಗಾಗಿ 'ಮುಂದಿನ ಸೀಸನ್' ಎಂಬ ಮಾತಿಗೆ ಕಾಲೇಜು ಅಭಿಮಾನಿಯ ಬಾಯಲ್ಲಿ ಬೇರೆಯೇ ತೂಕ. ಬೀಜದ ಮೂಟೆಯಲ್ಲಿ ನಾಲ್ಕೇ ಹಿಡಿ ಇದ್ದರೆ ಒಂದೊಂದು ಹಿಡಿ ಬಿತ್ತುವಾಗಲೂ ಮಳೆಯ ಚಿಂತೆ ಹೆಚ್ಚು, ಅಲ್ಲವೆ?

ಯಾರು ಈ ಪೇಜ್?

ಪೇಜ್ ಬೆಕರ್ಸ್ 2001ರ ಅಕ್ಟೋಬರ್ 20ರಂದು ಮಿನೆಸೋಟ ರಾಜ್ಯದಲ್ಲಿ ಹುಟ್ಟಿದವಳು. ಹಾಪ್ಕಿನ್ಸ್ ಹೈಸ್ಕೂಲ್‌ನಲ್ಲಿ ಆಡುವಾಗಲೇ ದೇಶದಾದ್ಯಂತ ಹೆಸರು. ಕಾಲೇಜಿಗೆ ಆರಿಸಿಕೊಂಡದ್ದು ಯೂಕಾನ್. ಮಹಿಳಾ ಬಾಸ್ಕೆಟ್‌ಬಾಲ್‌ನಲ್ಲಿ ಈ ಹೆಸರಿಗೆ ಇರುವ ಗೌರವ ದೊಡ್ಡದು. ತರಬೇತುದಾರ ಜೀನೋ ಆರಿಯೆಮ್ಮಾ 1985ರಲ್ಲಿ ಅಲ್ಲಿಗೆ ಬಂದವರು. ಅವರೂ ನಮ್ಮ ಹಾಗೆ ವಲಸೆ ಬಂದವರೇ. ಇಟಲಿಯ ಮೊಂಟೆಲ್ಲಾ ಎಂಬ ಊರಿನಿಂದ ಏಳನೇ ವಯಸ್ಸಿನಲ್ಲಿ ಅಪ್ಪ ಅಮ್ಮನ ಜೊತೆ ಪೆನ್ಸಿಲ್ವೇನಿಯಕ್ಕೆ ಬಂದರು. ಅವರ ತಂಡ 2016ರ ಹೊತ್ತಿಗೆ 11 ಸಲ ರಾಷ್ಟ್ರೀಯ ಚಾಂಪಿಯನ್ ಆಗಿತ್ತು. ಅದರಲ್ಲಿ 2013ರಿಂದ 2016ರವರೆಗೆ ಸತತ ನಾಲ್ಕು.

ಆಮೇಲೆ ಬರಗಾಲ. 2017, 2018, 2019ರಲ್ಲಿ ಫೈನಲ್ ಫೋರ್‌ನಲ್ಲೇ ಸೋಲು. 2020ರಲ್ಲಿ ಕೋವಿಡ್‌ನಿಂದ ಟೂರ್ನಿಯೇ ನಡೆಯಲಿಲ್ಲ. ಆ ವರ್ಷದ ಕೊನೆಗೆ ಪೇಜ್ ಬಂದಳು. ಮೊದಲ ವರ್ಷದಲ್ಲೇ, ಅಂದರೆ 2020-21ರಲ್ಲಿ, ಪಂದ್ಯಕ್ಕೆ ಸರಾಸರಿ 20 ಪಾಯಿಂಟ್ ಹೊಡೆದಳು. ಅಸೋಸಿಯೇಟೆಡ್ ಪ್ರೆಸ್ ಕೊಡುವ ವರ್ಷದ ಶ್ರೇಷ್ಠ ಆಟಗಾರ್ತಿ ಪ್ರಶಸ್ತಿ ಅದುವರೆಗೆ ಮೊದಲ ವರ್ಷದ ವಿದ್ಯಾರ್ಥಿನಿಗೆ ಸಿಕ್ಕಿದ್ದೇ ಇಲ್ಲ. ಅದು ಆಕೆಗೆ ಸಿಕ್ಕಿತು. ತಂಡ ಮಾತ್ರ ಫೈನಲ್ ಫೋರ್‌ನಲ್ಲಿ ಅರಿಝೋನಾ ಎದುರು ಸೋತಿತು. "ಪರವಾಗಿಲ್ಲ, ಇನ್ನೂ ಮೂರು ವರ್ಷ ಇದೆಯಲ್ಲ" ಎಂದು ಅಭಿಮಾನಿಗಳು ಸಮಾಧಾನ ಮಾಡಿಕೊಂಡರು.

ಎಣಿಕೆ ತಪ್ಪಿಸಿದ ಮೊಣಕಾಲು

2021ರ ಡಿಸೆಂಬರ್ 5. ನೋಟರ್ ಡೇಮ್ ವಿರುದ್ಧದ ಪಂದ್ಯ ಮುಗಿಯಲು ಒಂದು ನಿಮಿಷವೂ ಇರಲಿಲ್ಲ, ಯೂಕಾನ್ ಗೆಲುವು ಖಚಿತವಾಗಿತ್ತು. ಚೆಂಡು ಹಿಡಿದು ಓಡುತ್ತಿದ್ದ ಪೇಜ್ ಎಡ ಮೊಣಕಾಲು ಹಿಡಿದುಕೊಂಡು ಬಿದ್ದಳು. ಮೊಣಕಾಲಿನ ಕೆಳಗಿನ ಮೂಳೆ ಬಿರುಕು ಬಿಟ್ಟಿತ್ತು, ಒಳಗಿನ ಮೆತ್ತೆಯಂಥ ಮೆನಿಸ್ಕಸ್ ಹರಿದಿತ್ತು. ಶಸ್ತ್ರಚಿಕಿತ್ಸೆಯಾಗಿ ಫೆಬ್ರವರಿ ಕೊನೆಗೆ ಮರಳಿದಳು. ಮಾರ್ಚ್‌ನಲ್ಲಿ ನಾರ್ತ್ ಕ್ಯಾರೊಲಿನಾ ಸ್ಟೇಟ್ ಎದುರು ಎರಡು ಓವರ್‌ಟೈಮ್ ಕಂಡ ಪಂದ್ಯದಲ್ಲಿ 27 ಪಾಯಿಂಟ್ ಹೊಡೆದು ತಂಡವನ್ನು ಫೈನಲ್ ಫೋರ್‌ಗೆ ಕರೆದೊಯ್ದಳು. ಆ ವರ್ಷದ ಫೈನಲ್ ನಡೆದದ್ದು ಮಿನಿಯಾಪೊಲಿಸ್‌ನಲ್ಲಿ, ಅಂದರೆ ಆಕೆಯ ತವರಿನಲ್ಲೇ. ಅಲ್ಲಿ ಸೌತ್ ಕ್ಯಾರೊಲಿನಾ 64-49ರಿಂದ ಗೆದ್ದಿತು.

ಮತ್ತೆ ಎಲ್ಲರೂ ಮುಂದಿನ ಸೀಸನ್ ಎಂದರು. ಆದರೆ 2022ರ ಆಗಸ್ಟ್ 1ರಂದು, ಅಭ್ಯಾಸಕ್ಕೆಂದು ಗೆಳತಿಯರ ಜೊತೆ ಆಡುತ್ತಿದ್ದಾಗ ಅದೇ ಎಡ ಮೊಣಕಾಲಿನ ಎ.ಸಿ.ಎಲ್. ಹರಿಯಿತು. 2022-23ರ ಸೀಸನ್ ಪೂರ್ತಿ ಹೋಯಿತು. ಆಕೆ ಬೆಂಚಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದಳು.

2023-24ರಲ್ಲಿ ಪೇಜ್ ವಾಪಸು ಬಂದಳು. ಈ ಸಲ ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ. ಬಿದ್ದವರು ಜೊತೆಗಾರ್ತಿಯರು. ಆಕೆಯ ಆಪ್ತ ಗೆಳತಿ ಅಝಿ ಫಡ್ ಎರಡೇ ಪಂದ್ಯದ ನಂತರ ಅಭ್ಯಾಸದಲ್ಲಿ ಎ.ಸಿ.ಎಲ್. ಹರಿದುಕೊಂಡಳು. ಹೈಸ್ಕೂಲಿನಲ್ಲಿದ್ದಾಗಲೇ ಒಮ್ಮೆ ಅದೇ ಗಾಯವಾಗಿತ್ತು. ಕನಿಷ್ಠ ಐವರು ಆಟಗಾರ್ತಿಯರು ಆ ಸೀಸನ್‌ನ ಬಹುಭಾಗವನ್ನೋ ಪೂರ್ತಿಯನ್ನೋ ಗಾಯದಿಂದ ಕಳೆದುಕೊಂಡರು. ಹಾಗಿದ್ದೂ ತಂಡ ಫೈನಲ್ ಫೋರ್ ಮುಟ್ಟಿತು. 2024ರ ಏಪ್ರಿಲ್ 5ರಂದು ಕೇಟ್ಲಿನ್ ಕ್ಲಾರ್ಕ್‌ಳ ಅಯೋವಾ ಎದುರು 71-69ರಲ್ಲಿ ಸೋತಿತು. ಕೊನೆಯ ಕ್ಷಣದಲ್ಲಿ ಯೂಕಾನ್ ಆಟಗಾರ್ತಿಯ ಮೇಲೆ ಕೊಟ್ಟ ಫೌಲ್ ಸರಿಯೋ ತಪ್ಪೋ ಎಂದು ಜನ ಬಹಳ ದಿನ ಜಗಳವಾಡಿದರು.

ಆಕೆ ಉಳಿದದ್ದು ಹೇಗೆ, ಯಾಕೆ?

ಇಲ್ಲಿ ನಮ್ಮವರು ಕೇಳುವ ಪ್ರಶ್ನೆ: 2020ರಲ್ಲಿ ಸೇರಿದವಳು 2024ಕ್ಕೆ ಮುಗಿಸಬೇಕಲ್ಲವೆ? ಲೆಕ್ಕ ಹೀಗಿದೆ. ಕೋವಿಡ್ ಕಾರಣಕ್ಕೆ 2020-21ರ ಸೀಸನ್ ಯಾರ ಲೆಕ್ಕಕ್ಕೂ ಹಿಡಿಯಲಿಲ್ಲ. ಗಾಯದಿಂದ ಪೂರ್ತಿ ಕಳೆದುಹೋದ ಸೀಸನ್‌ಗೆ ಆಗ 'ಮೆಡಿಕಲ್ ರೆಡ್‌ಶರ್ಟ್' ಎಂಬ ವಿನಾಯಿತಿ ಇತ್ತು. ಹಾಗಾಗಿ ಆಕೆಗೆ ಇನ್ನೂ ಅವಕಾಶವಿತ್ತು.

2024ರಲ್ಲೇ ವೃತ್ತಿಪರ ಲೀಗ್ ಡಬ್ಲ್ಯುಎನ್‌ಬಿಎಗೆ ಹೋಗಬಹುದಿತ್ತು. ಆದರೆ ಆ ವರ್ಷ ಮೊದಲ ಆಯ್ಕೆಯ ಆಟಗಾರ್ತಿಗೂ ಲೀಗ್ ಕೊಡುತ್ತಿದ್ದ ಮೊದಲ ವರ್ಷದ ಸಂಬಳ ಸುಮಾರು 76,500 ಡಾಲರ್ ಮಾತ್ರ. ಇನ್ನೊಂದು ಕಡೆ 2021ರ ಜುಲೈನಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಚಿತ್ರ ಬಳಸಿಕೊಂಡು ಜಾಹೀರಾತಿನಿಂದ ಹಣ ಗಳಿಸಬಹುದು ಎಂಬ ನಿಯಮ ಬಂದಿತ್ತು. ಕಾಲೇಜಿನಲ್ಲಿ ಉಳಿದರೆ ಹಸಿವಿನಿಂದ ಇರಬೇಕು ಎಂಬ ಕಾಲ ಹೋಗಿತ್ತು. 2024ರ ಫೆಬ್ರವರಿಯಲ್ಲಿ, ಹಿರಿಯ ಆಟಗಾರ್ತಿಯರಿಗೆ ಗೌರವ ಸಲ್ಲಿಸುವ 'ಸೀನಿಯರ್ ನೈಟ್' ದಿನದಂದೇ, ಆಕೆ ಮತ್ತೊಂದು ವರ್ಷ ಇರುತ್ತೇನೆಂದು ಘೋಷಿಸಿದಳು.

2024ರ ಶರತ್ಕಾಲದ ಮೂರು ಆಸೆಗಳು

ಆ ಸೀಸನ್ ಮುಂಚೆ ಯೂಕಾನ್ ಅಭಿಮಾನಿಗಳ ಮನಸ್ಸಿನಲ್ಲಿದ್ದ ಆಸೆಗಳನ್ನು ಮೂರು ಮಾಡಿ ಹೇಳಬಹುದು.

ಒಂದು, ಪೇಜ್ ಇಡೀ ಸೀಸನ್ ನೋವಿಲ್ಲದೆ ಆಡಲಿ.

ಎರಡು, ಜೊತೆಗಾರ್ತಿಯರೂ ನಿಲ್ಲಲಿ. ಬಾಸ್ಕೆಟ್‌ಬಾಲ್ ಐದು ಜನರ ಆಟ. ಎಷ್ಟೇ ದೊಡ್ಡ ಆಟಗಾರ್ತಿಯಾದರೂ ಎದುರಾಳಿ ಇಬ್ಬರನ್ನು ಆಕೆಯ ಮೇಲೆ ಬಿಟ್ಟರೆ ಚೆಂಡನ್ನು ಇನ್ನೊಬ್ಬಳಿಗೆ ಕೊಡಲೇಬೇಕು. ಆ ಇನ್ನೊಬ್ಬಳು ಹೊಡೆಯಬಲ್ಲವಳಾಗಿರಬೇಕು. ಅಝಿ ಫಡ್ ಚೇತರಿಸಿಕೊಂಡು ಬರುವವಳಿದ್ದಳು. ಸೇರಾ ಸ್ಟ್ರಾಂಗ್ ಎಂಬ ಹೊಸ ಹುಡುಗಿ ಬಂದಿದ್ದಳು. ಪ್ರಿನ್ಸ್‌ಟನ್‌ನಿಂದ ಕೇಟ್ಲಿನ್ ಚೆನ್ ಬಂದಿದ್ದಳು.

ಮೂರು, ಕಪ್. ಒಂಬತ್ತು ವರ್ಷದ ಬರ ಮುಗಿಯಲಿ. ಯೂಕಾನ್‌ನ ದೊಡ್ಡ ಹೆಸರುಗಳೆಲ್ಲ ಕಪ್ ಗೆದ್ದವರೇ. ಪೇಜ್ ಮಾತ್ರ ಗೆಲ್ಲದೆ ಹೋದರೆ ಜನ ಏನೆಂದಾರು?

ಈ ಮೂರನೆಯದು ನಮಗೆ ಚೆನ್ನಾಗಿ ಗೊತ್ತಿರುವ ಆಸೆ. 2008ರಿಂದ ಪ್ರತಿ ವರ್ಷ "ಈ ಸಲ ಕಪ್ ನಮ್ದೇ" ಎಂದು ಹೇಳಿ, ಸೋತು, ಮತ್ತೆ ಮರುವರ್ಷ ಅದೇ ಕೆಂಪು ಜೆರ್ಸಿ ತೊಟ್ಟವರು ನಾವು. ಆರ್‌ಸಿಬಿಗೆ ಮೊದಲು ಕಪ್ ತಂದದ್ದು 2024ರಲ್ಲಿ ನಮ್ಮ ಮಹಿಳಾ ತಂಡ ಎಂಬುದನ್ನೂ ಮರೆಯಬಾರದು. ಗಂಡಸರ ತಂಡ ಗೆದ್ದದ್ದು 2025ರ ಜೂನ್ 3ರಂದು, ಹದಿನೆಂಟನೇ ಸೀಸನ್‌ನಲ್ಲಿ. ಆದರೆ ಒಂದು ವ್ಯತ್ಯಾಸವಿದೆ. ವಿರಾಟ್ ಕೊಹ್ಲಿಗೆ ಹದಿನೆಂಟು ಸೀಸನ್ ಸಿಕ್ಕಿತು. ಕಾಲೇಜು ಹುಡುಗಿಗೆ ಸಿಗುವುದು ನಾಲ್ಕೋ ಐದೋ. ಹಾಗಾಗಿ ಅಭಿಮಾನಿಗಳ ಆಸೆ ಒಂದೇ ವರ್ಷದ ಮೇಲೆ, ಒಂದೇ ಹುಡುಗಿಯ ಮೇಲೆ, ಇನ್ನೂ ಬಿಡಿಸಿ ಹೇಳಬೇಕೆಂದರೆ ಒಂದೇ ಮೊಣಕಾಲಿನ ಮೇಲೆ ಬಂದು ಕೂರುತ್ತದೆ.

ಕೊನೆಗೆ ಏನಾಯಿತು?

2024-25ರ ಸೀಸನ್ ಸಲೀಸಾಗಿ ಸಾಗಲಿಲ್ಲ. ನವೆಂಬರ್ 20ರಂದು ಆರಿಯೆಮ್ಮಾ ತಮ್ಮ 1,217ನೇ ಗೆಲುವಿನೊಂದಿಗೆ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲೇ ಅತಿ ಹೆಚ್ಚು ಪಂದ್ಯ ಗೆದ್ದ ತರಬೇತುದಾರರಾದರು. ಆದರೆ ಡಿಸೆಂಬರ್‌ನಲ್ಲಿ ನೋಟರ್ ಡೇಮ್ ಎದುರು ಸೋಲು, ಜೂಜೂ ವಾಟ್ಕಿನ್ಸ್‌ಳ ಯುಎಸ್‌ಸಿ ಎದುರು ಎರಡೇ ಪಾಯಿಂಟ್‌ನ ಸೋಲು. ಜನವರಿಯಲ್ಲಿ ಪೇಜ್‌ಳ ಮೊಣಕಾಲು ಮತ್ತೆ ಉಳುಕಿ ಕೆಲವು ಪಂದ್ಯ ಹೊರಗುಳಿದಾಗ ಅಭಿಮಾನಿಗಳ ಎದೆ ಝಲ್ಲೆಂದಿತು. ಫೆಬ್ರವರಿಯಲ್ಲಿ ಟೆನೆಸ್ಸೀ ಎದುರು ಇನ್ನೊಂದು ಸೋಲು. ಅದೇ ಕೊನೆ. ಅಲ್ಲಿಂದ ಮುಂದೆ ತಂಡ ಸೋಲಲೇ ಇಲ್ಲ.

ಟೂರ್ನಿಯಲ್ಲಿ ಒಕ್ಲಹೋಮಾ ವಿರುದ್ಧ ಪೇಜ್ 40 ಪಾಯಿಂಟ್ ಹೊಡೆದಳು, ಅದು ಆಕೆಯ ಕಾಲೇಜು ಜೀವನದ ಅತಿ ಹೆಚ್ಚಿನ ಮೊತ್ತ. ಫೈನಲ್ ಫೋರ್‌ನಲ್ಲಿ ಯುಸಿಎಲ್‌ಎ ವಿರುದ್ಧ 85-51. 2025ರ ಏಪ್ರಿಲ್ 6ರಂದು ಟ್ಯಾಂಪಾದಲ್ಲಿ ಸೌತ್ ಕ್ಯಾರೊಲಿನಾ ವಿರುದ್ಧ 82-59. ಯೂಕಾನ್‌ಗೆ ಹನ್ನೆರಡನೇ ಕಪ್, ಪೇಜ್‌ಗೆ ಮೊದಲನೆಯದು.

ಗಮನಿಸಬೇಕಾದ ಮಾತೊಂದಿದೆ. ಫೈನಲ್‌ನಲ್ಲಿ ಪೇಜ್ ಹೊಡೆದದ್ದು 17. ಅಝಿ ಫಡ್ 24, ಸೇರಾ ಸ್ಟ್ರಾಂಗ್ 24. ಫೈನಲ್ ಫೋರ್‌ನ ಶ್ರೇಷ್ಠ ಆಟಗಾರ್ತಿ ಎನಿಸಿಕೊಂಡದ್ದು ಎರಡು ಸಲ ಎ.ಸಿ.ಎಲ್. ಹರಿದುಕೊಂಡ ಅಝಿ. ಅಂದರೆ ಮೂರನೇ ಆಸೆ ಈಡೇರಿದ್ದು ಎರಡನೇ ಆಸೆ ಈಡೇರಿದ್ದರಿಂದ, ಎರಡನೆಯದಕ್ಕೆ ಅರ್ಥ ಬಂದದ್ದು ಮೊದಲನೆಯದರಿಂದ. ಅಭಿಮಾನಿಗಳು ಸಾಮಾನ್ಯವಾಗಿ ಕಪ್ಪಿನಿಂದ ಶುರು ಮಾಡಿ ಹಿಂದಕ್ಕೆ ಬರುತ್ತಾರೆ. ಆಟ ನಡೆಯುವುದು ಮೊಣಕಾಲಿನಿಂದ ಶುರುವಾಗಿ ಮುಂದಕ್ಕೆ. ನಾವು ಈ ಕಥೆಯಿಂದ ತೆಗೆದುಕೊಳ್ಳಬೇಕಾದದ್ದು ಇಷ್ಟೇ ಎಂದು ನಮಗನ್ನಿಸುತ್ತದೆ. ಕಪ್ ಬಾರದೇ ಇದ್ದರೂ, ಒಂದು ವರ್ಷ ಪೂರ್ತಿ ಕುಳಿತ ಹುಡುಗಿ ಮರುವರ್ಷ ಒಂದೂ ಪಂದ್ಯ ಬಿಡದೆ ಆಡಿದ್ದು ಸಣ್ಣ ಗೆಲುವಲ್ಲ.

ಅದಾದ ಎಂಟೇ ದಿನಕ್ಕೆ, 2025ರ ಏಪ್ರಿಲ್ 14ರಂದು, ಡಲ್ಲಾಸ್ ವಿಂಗ್ಸ್ ತಂಡ ಡ್ರಾಫ್ಟ್‌ನಲ್ಲಿ ಪೇಜ್‌ಳನ್ನು ಮೊದಲನೆಯವಳಾಗಿ ಆರಿಸಿತು. ಆ ವರ್ಷವೇ ಡಬ್ಲ್ಯುಎನ್‌ಬಿಎಯ ಶ್ರೇಷ್ಠ ಹೊಸ ಆಟಗಾರ್ತಿ ಪ್ರಶಸ್ತಿಯೂ ಬಂತು. ನಮ್ಮ ಡಲ್ಲಾಸ್ ಕನ್ನಡಿಗರಿಗೆ ಮಕ್ಕಳನ್ನು ಕರೆದುಕೊಂಡು ಹೋಗಲು ಒಳ್ಳೆಯ ನೆಪ.

ಈ ಎ.ಸಿ.ಎಲ್. ಎಂದರೇನು?

ಈ ಮಾತು ಮೇಲೆ ಮತ್ತೆ ಮತ್ತೆ ಬಂತು. ತೊಡೆಯ ಮೂಳೆ ಮತ್ತು ಮೊಣಕಾಲಿನ ಕೆಳಗಿನ ಮೂಳೆಯನ್ನು ಒಳಗಿನಿಂದ ಹಿಡಿದಿಡುವ ಎರಡು ಪಟ್ಟಿಗಳು ಕತ್ತರಿಯ ಹಾಗೆ ಅಡ್ಡಡ್ಡ ಇರುತ್ತವೆ. ಅದರಲ್ಲಿ ಮುಂದಿನದು ಎ.ಸಿ.ಎಲ್. ಪೂರ್ತಿ ಹರಿದರೆ ಅದು ತಾನಾಗಿ ಕೂಡಿಕೊಳ್ಳುವುದು ಅಪರೂಪ. ಆಟಕ್ಕೆ ಮರಳಬೇಕೆನ್ನುವವರಿಗೆ ವೈದ್ಯರು ಸಾಮಾನ್ಯವಾಗಿ ಅವರದೇ ದೇಹದ ಬೇರೆ ಸ್ನಾಯುರಜ್ಜುವಿನ ತುಂಡು ತೆಗೆದು ಹೊಸ ಪಟ್ಟಿ ಕಟ್ಟುತ್ತಾರೆ. ಮರಳಲು ಒಂಬತ್ತು ತಿಂಗಳಿಂದ ಒಂದು ವರ್ಷ ಬೇಕು. ಅವಸರ ಮಾಡಿದರೆ ಮತ್ತೆ ಹರಿಯುವ ಸಾಧ್ಯತೆ ಹೆಚ್ಚು.

ನಮ್ಮ ಮನೆಗಳಿಗೆ ಮುಖ್ಯವಾದದ್ದು ಮುಂದಿನದು. ಅದೇ ಆಟ ಆಡುವ ಹುಡುಗರಿಗಿಂತ ಹುಡುಗಿಯರಿಗೆ ಈ ಗಾಯ ಎರಡರಿಂದ ಎಂಟು ಪಟ್ಟು ಹೆಚ್ಚು ಎಂದು ವೈದ್ಯರು ಹೇಳುತ್ತಾರೆ. ಯಾರೂ ತಳ್ಳದೆ, ಡಿಕ್ಕಿ ಹೊಡೆಯದೆ, ಹಾರಿ ಇಳಿಯುವಾಗಲೋ ಥಟ್ಟನೆ ತಿರುಗುವಾಗಲೋ ಆಗುವ ಗಾಯಗಳೇ ಹೆಚ್ಚು. ಸೊಂಟದ ಅಗಲ, ಸ್ನಾಯುಗಳ ಬಲದಲ್ಲಿನ ವ್ಯತ್ಯಾಸ, ಇಳಿಯುವಾಗ ಮೊಣಕಾಲು ಒಳಕ್ಕೆ ಬಾಗುವುದು, ಹೀಗೆ ಹಲವು ಕಾರಣ. ಇದರಲ್ಲಿ ಕೊನೆಯದನ್ನು ತಿದ್ದಬಹುದು. ಮೊಣಕಾಲು ಬಗ್ಗಿಸಿ ಮೆತ್ತಗೆ ಇಳಿಯುವುದು, ಒಂಟಿ ಕಾಲಿನಲ್ಲಿ ಸಮತೋಲ, ತೊಡೆಯ ಹಿಂಭಾಗಕ್ಕೆ ಬಲ ಕೊಡುವ ವ್ಯಾಯಾಮ, ಇವನ್ನು ವಾರಕ್ಕೆ ಎರಡು ಮೂರು ಸಲ, ಅಭ್ಯಾಸಕ್ಕೆ ಮುಂಚೆ ಹದಿನೈದು ಇಪ್ಪತ್ತು ನಿಮಿಷ ಮಾಡಿದ ಹುಡುಗಿಯರಲ್ಲಿ ಈ ಗಾಯ ಸುಮಾರು ಅರ್ಧಕ್ಕೆ ಇಳಿದದ್ದನ್ನು ಅಧ್ಯಯನಗಳು ತೋರಿಸಿವೆ. ನಿಮ್ಮ ಮಗಳ ಕೋಚ್‌ಗೆ ಇದನ್ನು ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ.

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುವ ಇನ್ನೆರಡು ಮಾತು: ಮಕ್ಕಳಿಗೆ ಒಂದು ಆಟದಿಂದ ವಾರಕ್ಕೆ ಒಂದೆರಡು ದಿನವಾದರೂ ಬಿಡುವಿರಲಿ, ವರ್ಷದಲ್ಲಿ ಒಟ್ಟು ಎರಡು ಮೂರು ತಿಂಗಳು ವಿರಾಮವಿರಲಿ. ನಮ್ಮಲ್ಲಿ ಹೇಗೆ? ಶಾಲೆಯ ತಂಡ, ಕ್ಲಬ್ ತಂಡ, ಜೊತೆಗೆ ಭಾನುವಾರ ಭರತನಾಟ್ಯ. ಭರತನಾಟ್ಯದ ಅರಮಂಡಿಯೂ ಮೊಣಕಾಲಿನ ಮೇಲೆ ಭಾರ ಹಾಕುತ್ತದೆ ಎಂಬುದು ನೆನಪಿರಲಿ.

ನಮ್ಮವರೂ ಇದ್ದಾರೆ

ಇದೆಲ್ಲ ನಮಗೆ ದೂರದ ಮಾತು ಎಂದುಕೊಳ್ಳಬೇಡಿ. ನಮ್ಮ ಬೆಂಗಳೂರಿನ ಹುಡುಗಿ ಸಂಜನಾ ರಮೇಶ್ ಅರಿಝೋನಾದ ಫ್ಲ್ಯಾಗ್‌ಸ್ಟಾಫ್‌ನಲ್ಲಿರುವ ನಾರ್ದರ್ನ್ ಅರಿಝೋನಾ ವಿಶ್ವವಿದ್ಯಾಲಯದ ತಂಡದಲ್ಲಿ, ಡಿವಿಷನ್ ಒನ್ ಮಟ್ಟದಲ್ಲಿ, ಆಡಿದ್ದಾಳೆ. 2017ರಲ್ಲಿ ಭಾರತದ ಮಹಿಳೆಯರು ಏಷ್ಯಾ ಕಪ್‌ನ ಎರಡನೇ ಡಿವಿಷನ್ ಗೆದ್ದದ್ದೂ ಬೆಂಗಳೂರಿನಲ್ಲೇ, ಕಝಕಸ್ತಾನವನ್ನು ಫೈನಲ್‌ನಲ್ಲಿ 75-73ರಿಂದ ಸೋಲಿಸಿ.

ಹಾಗೆಂದು ಮಗಳು ಚೆಂಡು ಹಿಡಿದ ದಿನವೇ ಸ್ಕಾಲರ್‌ಶಿಪ್‌ನ ಲೆಕ್ಕ ಹಾಕುವುದು ಬೇಡ. ಅಮೆರಿಕದ ಹೈಸ್ಕೂಲಿನಲ್ಲಿ ಬಾಸ್ಕೆಟ್‌ಬಾಲ್ ಆಡುವ ನೂರು ಹುಡುಗಿಯರಲ್ಲಿ ಎನ್‌ಸಿಎಎ ಕಾಲೇಜುಗಳಲ್ಲಿ ಆಡುವವರು ನಾಲ್ವರ ಆಸುಪಾಸು. ನಾವು ನಮ್ಮ ಮಕ್ಕಳಿಗೆ ಅಭಿಮಾನಿಗಳೇ. ನಮ್ಮ ಆಸೆಯ ಭಾರವೂ ಅವರ ಮೊಣಕಾಲಿನ ಮೇಲೆಯೇ ಕೂರುತ್ತದೆ. ಆಟ ಮುಗಿಸಿ ಕಾರು ಹತ್ತಿದ ಮಗಳನ್ನು "ಎಷ್ಟು ಪಾಯಿಂಟ್ ಹೊಡೆದೆ?" ಎಂದು ಕೇಳುವ ಮುಂಚೆ "ಕಾಲು ನೋವಿದೆಯಾ ಪುಟ್ಟಿ?" ಎಂದು ಕೇಳಿ ನೋಡಿ. ನೋವಿದ್ದರೂ ತಂಡದಿಂದ ಬಿಟ್ಟುಬಿಡುತ್ತಾರೆಂದು ಮುಚ್ಚಿಡುವ ಮಕ್ಕಳಿದ್ದಾರೆ. ಅಪ್ಪ ಅಮ್ಮನಿಗೆ ಬೇಜಾರಾಗುತ್ತದೆಂದು ಮುಚ್ಚಿಡುವವರೂ ಇದ್ದಾರೆ.

ಇನ್ನೊಂದು ಕಾಯುವಿಕೆ

ಪೇಜ್‌ಳ ಕಥೆ ಸುಖವಾಗಿ ಮುಗಿಯಿತು. ಎಲ್ಲರದೂ ಹಾಗಲ್ಲ. ಅದೇ 2025ರ ಟೂರ್ನಿಯಲ್ಲಿ, ಮಾರ್ಚ್ 24ರಂದು, ಯುಎಸ್‌ಸಿಯ ಜೂಜೂ ವಾಟ್ಕಿನ್ಸ್ ಲಾಸ್ ಏಂಜಲಿಸ್‌ನಲ್ಲಿ ತವರಿನ ಅಭಿಮಾನಿಗಳ ಎದುರೇ ಎ.ಸಿ.ಎಲ್. ಹರಿದುಕೊಂಡಳು. ಮೊದಲ ವರ್ಷದಲ್ಲೇ 920 ಪಾಯಿಂಟ್ ಹೊಡೆದು ದಾಖಲೆ ಮಾಡಿದ್ದ ಹುಡುಗಿ. ಕೆಲವೇ ದಿನದ ನಂತರ ಆಕೆಯಿಲ್ಲದ ಯುಎಸ್‌ಸಿಯನ್ನು ಪೇಜ್‌ಳ ಯೂಕಾನ್ 78-64ರಿಂದ ಸೋಲಿಸಿತು. 2025ರ ಸೆಪ್ಟೆಂಬರ್‌ನಲ್ಲಿ ಜೂಜೂ, 2025-26ರ ಸೀಸನ್ ಪೂರ್ತಿ ಆಡುವುದಿಲ್ಲ, ಪೂರ್ತಿ ಗುಣವಾಗಲು ಸಮಯ ತೆಗೆದುಕೊಳ್ಳುತ್ತೇನೆ ಎಂದು ತಾನೇ ಪ್ರಕಟಿಸಿದಳು. ಇಪ್ಪತ್ತರ ಹರೆಯದಲ್ಲಿ, ಎಲ್ಲರೂ ಬಾ ಬಾ ಎನ್ನುತ್ತಿರುವಾಗ, "ಈಗಲ್ಲ" ಎನ್ನಲು ಧೈರ್ಯ ಬೇಕು. ಆಕೆಯ ಅಭಿಮಾನಿಗಳಲ್ಲಿ ಬಹುಪಾಲು ಅದನ್ನು ಒಪ್ಪಿಕೊಂಡರೆಂಬುದು ಸಮಾಧಾನದ ಸಂಗತಿ.

ನಿಮ್ಮ ಊರಿನ ಹತ್ತಿರ ಯಾವುದಾದರೂ ಕಾಲೇಜಿನ ಮಹಿಳಾ ತಂಡ ಇದ್ದೇ ಇರುತ್ತದೆ. ಟಿಕೆಟ್ ಸಾಮಾನ್ಯವಾಗಿ ದುಬಾರಿಯಲ್ಲ, ಮಕ್ಕಳು ಹಿರಿಯರು ಎಲ್ಲ ಕುಳಿತು ನೋಡಬಹುದಾದ ವಾತಾವರಣ. ಊರಿಂದ ಅಜ್ಜ ಅಜ್ಜಿ ಬಂದಿದ್ದರೆ ಅವರನ್ನೂ ಕರೆದೊಯ್ಯಿರಿ, ಚಳಿಗಾಲದಲ್ಲಿ ಮನೆಯೊಳಗೇ ಕುಳಿತು ಅವರಿಗೂ ಬೇಸರ ಬಂದಿರುತ್ತದೆ. ಪಂದ್ಯ ಶುರುವಾಗುವ ಅರ್ಧ ಗಂಟೆ ಮೊದಲೇ ಹೋಗಿ, ಆಟಗಾರ್ತಿಯರು ಮಾಡುವ ವಾರ್ಮ್‌ಅಪ್ ಅನ್ನು ಮಗಳಿಗೆ ತೋರಿಸಿ. ಹಾರಿ ಇಳಿಯುವಾಗ ಅವರ ಮೊಣಕಾಲು ಹೇಗಿರುತ್ತದೆ ಎಂದು ಅವಳೇ ನಿಮಗೆ ವಿವರಿಸಲಿ.